ಆಸ್ಟ್ರೇಲಿಯಾದಲ್ಲಿ ಕನ್ನಡ ಸಂಘದ ಕಾಗದಪತ್ರ: ಯಾವುದು ಕಡಿಮೆಯಾಯಿತು, ಯಾವುದು ಹೊಸದಾಗಿ ಬಂತು

ಆಸ್ಟ್ರೇಲಿಯಾದ ಕನ್ನಡ ಸಂಘ, ಕನ್ನಡ ಶಾಲೆ, ಭಜನಾ ಮಂಡಳಿಗಳು ಸಾಮಾನ್ಯವಾಗಿ ಆಯಾ ರಾಜ್ಯದ ಕಾಯ್ದೆಯಡಿ ಇನ್‌ಕಾರ್ಪೊರೇಟೆಡ್ ಅಸೋಸಿಯೇಷನ್ ಆಗಿ ನೋಂದಣಿಯಾಗಿರುತ್ತವೆ. ವಿಕ್ಟೋರಿಯಾದಲ್ಲಾದರೆ ಕನ್ಸ್ಯೂಮರ್ ಅಫೇರ್ಸ್, ನ್ಯೂ ಸೌತ್ ವೇಲ್ಸ್‌ನಲ್ಲಾದರೆ ಫೇರ್ ಟ್ರೇಡಿಂಗ್ ಎಂಬ ಕಚೇರಿಯಲ್ಲಿ. ವರ್ಷಕ್ಕೊಮ್ಮೆ ಅಲ್ಲಿಗೆ ಲೆಕ್ಕ ಒಪ್ಪಿಸಿದರೆ ಮುಗಿಯಿತು ಎಂಬುದು ಹಳೆಯ ಕಮಿಟಿಗಳ ರೂಢಿ. ಈಗ ಅದು ನಡೆಯುವುದಿಲ್ಲ. ಕೇಂದ್ರದ ಚಾರಿಟಿ ಆಯೋಗದಲ್ಲಿ ನೋಂದಾಯಿಸಿಕೊಂಡ ಸಂಘಕ್ಕೆ ಬಹುತೇಕ ಕಡೆ ರಾಜ್ಯದ ವಾರ್ಷಿಕ ಲೆಕ್ಕ ಕೊಡುವ ಕೆಲಸವೇ ತಪ್ಪಿದೆ. ನೋಂದಾಯಿಸಿಕೊಳ್ಳದ ಸಂಘಕ್ಕೆ ರಾಜ್ಯದ ಕೆಲಸ ಹಾಗೆಯೇ ಉಳಿದು, ಅದರ ಮೇಲೆ ತೆರಿಗೆ ಇಲಾಖೆಯ ಹೊಸ ರಿಟರ್ನ್ ಬೇರೆ ಬಂದಿದೆ. ಆದ್ದರಿಂದ ಕಮಿಟಿ ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕಾನೂನಿನ ಕಣ್ಣಿನಲ್ಲಿ ನಮ್ಮ ಸಂಘ ಚಾರಿಟಿಯೋ ಅಲ್ಲವೋ?

ಆ ಆಯೋಗದ ಪೂರ್ತಿ ಹೆಸರು ಆಸ್ಟ್ರೇಲಿಯನ್ ಚಾರಿಟೀಸ್ ಅಂಡ್ ನಾಟ್-ಫಾರ್-ಪ್ರಾಫಿಟ್ಸ್ ಕಮಿಷನ್. ಎಲ್ಲರೂ ಎಸಿಎನ್‌ಸಿ ಎನ್ನುತ್ತಾರೆ. 2012ರ ಡಿಸೆಂಬರ್‌ನಲ್ಲಿ ಶುರುವಾಯಿತು. ಲಾಭರಹಿತ ಸಂಸ್ಥೆಗಳ ಮೇಲಿನ ಅನಗತ್ಯ ನಿಯಮಗಳ ಹೊರೆ ಇಳಿಸಲು ಒತ್ತಾಸೆ ಕೊಡುವುದು ಅದರ ಕರ್ತವ್ಯ ಎಂದು ಕಾಯ್ದೆಯಲ್ಲೇ ಬರೆದಿದೆ. ಹಾಗೆಂದು ರಾಜ್ಯಗಳು ಒಂದೇ ಏಟಿಗೆ ಒಪ್ಪಲಿಲ್ಲ. ದಕ್ಷಿಣ ಆಸ್ಟ್ರೇಲಿಯಾ, ಟಾಸ್ಮೇನಿಯಾ, ಕ್ಯಾನ್‌ಬೆರಾ ಮೊದಲು ಬಂದವು, 2018ರ ಜುಲೈಯಿಂದ ವಿಕ್ಟೋರಿಯಾ, ಆಮೇಲೆ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್. ಈ ಕಡೆಗಳಲ್ಲಿ ಎಸಿಎನ್‌ಸಿಗೆ ಕೊಟ್ಟ ಒಂದು ವಾರ್ಷಿಕ ವಿವರಪತ್ರ ರಾಜ್ಯದ ಕಚೇರಿಗೂ ಸಲ್ಲುತ್ತದೆ.

ಚಾರಿಟಿಯೋ ಅಲ್ಲವೋ

2013ರ ಚಾರಿಟೀಸ್ ಕಾಯ್ದೆ ಯಾವ ಯಾವ ಉದ್ದೇಶಗಳನ್ನು ಚಾರಿಟಿ ಎಂದು ಒಪ್ಪುತ್ತದೆ ಎಂಬುದನ್ನು ಪಟ್ಟಿ ಮಾಡಿದೆ. ಸಂಸ್ಕೃತಿಯ ಪೋಷಣೆ, ಶಿಕ್ಷಣ, ಧರ್ಮ, ಸಮಾಜ ಕಲ್ಯಾಣ, ಬೇರೆ ಬೇರೆ ಸಮುದಾಯಗಳ ನಡುವಿನ ಪರಸ್ಪರ ಗೌರವ ಎಲ್ಲವೂ ಅದರಲ್ಲಿವೆ. ಮಕ್ಕಳಿಗೆ ಕನ್ನಡ ಕಲಿಸುವ ಶಾಲೆ, ಯಕ್ಷಗಾನ ಕಲಿಸಿ ಎಲ್ಲರಿಗೂ ಆಡಿ ತೋರಿಸುವ ತಂಡ, ಒಂಟಿಯಾಗಿರುವ ಹಿರಿಯರಿಗೆ ನೆರವಾಗುವ ಬಳಗ, ಇವೆಲ್ಲ ಅಲ್ಲಿ ಸಲೀಸಾಗಿ ಕೂರುತ್ತವೆ. ಯುಗಾದಿ ಊಟ, ದೀಪಾವಳಿ ಪಾರ್ಟಿ, ಬೇಸಿಗೆ ಪಿಕ್ನಿಕ್ಕು ಇಷ್ಟೇ ಮಾಡುವ, ಅದೂ ಸದಸ್ಯರಿಗಷ್ಟೇ ಮಾಡುವ ಸಂಘ ಕೂರುವುದಿಲ್ಲ. ಊಟ-ಹಾಡು ಇರಬಾರದು ಎಂದೇನಿಲ್ಲ, ಅವು ಮುಖ್ಯ ಉದ್ದೇಶಕ್ಕೆ ಪೂರಕವಾಗಿರಬೇಕು ಅಷ್ಟೇ. ಬೈಲಾದಲ್ಲಿ ‘ಸಂಸ್ಕೃತಿಯ ಪೋಷಣೆ’ ಎಂದು ಬರೆದು ವರ್ಷವಿಡೀ ಡಿಜೆ ನೈಟ್ ನಡೆಸುವವರ ಅರ್ಜಿ ಮುಂದೆ ಹೋಗುವುದು ಕಷ್ಟ. ಆಯೋಗ ಬರೀ ಬೈಲಾ ಓದುವುದಿಲ್ಲ, ನೀವು ನಿಜವಾಗಿ ಏನು ಮಾಡುತ್ತಿದ್ದೀರಿ ಎಂಬುದನ್ನೂ ನೋಡುತ್ತದೆ.

ಚಾರಿಟಿ ಅಲ್ಲ ಎಂದಾದರೆ ತೆರಿಗೆ ಇಲಾಖೆಯ ದಾರಿ. ಎಬಿಎನ್ (ಸಂಸ್ಥೆಗೆ ಸರ್ಕಾರ ಕೊಡುವ ವ್ಯವಹಾರ ಸಂಖ್ಯೆ) ಇರುವ, ಚಾರಿಟಿಯಲ್ಲದ ಲಾಭರಹಿತ ಸಂಸ್ಥೆ ತನಗೆ ಆದಾಯ ತೆರಿಗೆ ಇಲ್ಲ ಎನ್ನಬೇಕಾದರೆ, 2023–24ನೇ ಸಾಲಿನಿಂದ ಪ್ರತಿ ವರ್ಷ ಸ್ವಯಂ-ಪರಿಶೀಲನಾ ರಿಟರ್ನ್ ಸಲ್ಲಿಸಬೇಕು. ಜುಲೈ 1ರಿಂದ ಅಕ್ಟೋಬರ್ 31ರವರೆಗೆ ಅವಕಾಶ. ಅದರಲ್ಲಿ ಎಂಟು ವರ್ಗಗಳಿವೆ. ನಮ್ಮವರು ತಡಕಾಡುವುದು ‘ಸಮುದಾಯ ಸೇವೆ’ ಮತ್ತು ‘ಸಾಂಸ್ಕೃತಿಕ’ ಎಂಬ ಎರಡರ ನಡುವೆ. ಸಮುದಾಯ ಸೇವೆ ಎಂದು ಟಿಕ್ ಮಾಡುವ ಮುನ್ನ ನಿಲ್ಲಿ. ಒಂದು ದೇಶದಿಂದ ಬಂದವರು ಸೇರಿ ಕಲೆತು ಹರಟುವ ಕ್ಲಬ್ಬು ಸಮುದಾಯ ಸೇವೆ ಆಗುವುದಿಲ್ಲ ಎಂಬುದು ಇಲಾಖೆಯ ನಿಲುವು. ಸಂಗೀತ, ಕಲೆ, ಸಾಹಿತ್ಯಕ್ಕೆ ಪ್ರೋತ್ಸಾಹ ನೀಡುವುದೇ ಮುಖ್ಯ ಕೆಲಸವಾಗಿದ್ದರೆ ‘ಸಾಂಸ್ಕೃತಿಕ’ ವರ್ಗವನ್ನು ನೋಡಬಹುದು. ಎಂಟರಲ್ಲಿ ಒಂದಕ್ಕೂ ಹೊಂದದಿದ್ದರೆ ಸಂಘ ತೆರಿಗೆಗೆ ಒಳಪಟ್ಟದ್ದು ಎಂದೇ ಅರ್ಥ. ಅದಕ್ಕೂ ಗಾಬರಿ ಬೇಡ: ಲಾಭರಹಿತ ಕಂಪನಿಯೆಂದು ಪರಿಗಣಿಸುವ ಸಂಘಗಳಿಗೆ ತೆರಿಗೆಯ ಆದಾಯ 416 ಡಾಲರ್‌ವರೆಗೆ ಇದ್ದರೆ ತೆರಿಗೆ ಬರುವುದಿಲ್ಲ.

ಇಲ್ಲಿ ಇನ್ನೊಂದು ಗಂಟಿದೆ. ನಿಮ್ಮ ಉದ್ದೇಶ ಚಾರಿಟಿಯದ್ದೇ ಆಗಿದ್ದರೆ ಈ ರಿಟರ್ನ್ ಹಾಕಿ ವಿನಾಯಿತಿ ಪಡೆಯುವ ಹಾಗಿಲ್ಲ, ಎಸಿಎನ್‌ಸಿಗೇ ಹೋಗಬೇಕು. ಕನ್ನಡ ಶಾಲೆ ನಡೆಸುವ ಹಲವರು ‘ನಾವು ಸಣ್ಣವರು, ಚಾರಿಟಿಯ ಗೊಡವೆ ಬೇಡ’ ಎಂದು ಸ್ವಯಂ-ಪರಿಶೀಲನೆಯ ದಾರಿ ಹಿಡಿಯುತ್ತಾರೆ. ಅದು ಸುಲಭವೂ ಅಲ್ಲ, ಸರಿಯೂ ಅಲ್ಲ.

ರಿಟರ್ನ್ ಹಾಕುವಾಗ ಸಿಕ್ಕಿಕೊಳ್ಳುವುದು ಪ್ರಶ್ನೆಗಳಲ್ಲಿ ಅಲ್ಲ, ಲಾಗಿನ್‌ನಲ್ಲಿ. ಖಜಾಂಚಿ ತನ್ನ ಮೈಐಡಿಯನ್ನು (ಸರ್ಕಾರಿ ತಾಣಗಳಿಗೆ ಲಾಗಿನ್ ಆಗುವ ಡಿಜಿಟಲ್ ಗುರುತು) ಸಂಘದ ಎಬಿಎನ್‌ಗೆ ಜೋಡಿಸಲು ಹೋದರೆ, ಎಬಿಎನ್ ದಾಖಲೆಯಲ್ಲಿ ಎಂದೋ ಊರು ಬಿಟ್ಟ ಮಾಜಿ ಅಧ್ಯಕ್ಷರ ಹೆಸರೇ ಕುಳಿತಿರುತ್ತದೆ. ಅದು ಬದಲಾಗುವ ತನಕ ಒಂದು ಹೆಜ್ಜೆಯೂ ಮುಂದೆ ಹೋಗದು. ಪದಾಧಿಕಾರಿಗಳು ಬದಲಾದ 28 ದಿನದೊಳಗೆ ಎಬಿಎನ್ ವಿವರ ತಿದ್ದಬೇಕೆಂಬ ನಿಯಮ ಮೊದಲಿನಿಂದಲೂ ಇದೆ, ಪಾಲಿಸಿದವರು ಕಡಿಮೆ. ಅಕ್ಟೋಬರ್‌ಗೆ ಕಾಯದೆ ಸರ್ವಸದಸ್ಯರ ಸಭೆ ಮುಗಿದ ವಾರವೇ ಇದನ್ನು ಮಾಡಿ.

ಎಸಿಎನ್‌ಸಿಗೆ ಅರ್ಜಿ

ಅರ್ಜಿಗೆ ಶುಲ್ಕವಿಲ್ಲ. ಬೇಕಾದದ್ದು: ಎಬಿಎನ್, ಬೈಲಾ, ಕಮಿಟಿಯ ಎಲ್ಲರ ಹೆಸರು ಮತ್ತು ಜನ್ಮದಿನಾಂಕ, ಚಟುವಟಿಕೆಗಳ ವಿವರ, ಹಣಕಾಸಿನ ಮಾಹಿತಿ. ಆದಾಯ ತೆರಿಗೆ ವಿನಾಯಿತಿ ಮತ್ತು ಜಿಎಸ್‌ಟಿ ರಿಯಾಯಿತಿಯನ್ನೂ ಅದೇ ಫಾರಂನಲ್ಲಿ ಕೇಳಬಹುದು. ಮರೆತರೆ ಮತ್ತೆ ತೆರಿಗೆ ಇಲಾಖೆಗೆ ಬೇರೆ ಅರ್ಜಿ ಹಾಕಬೇಕಾಗುತ್ತದೆ.

ಅರ್ಜಿ ಹಾಕುವ ಮೊದಲು ಬೈಲಾದಲ್ಲಿ ಎರಡು ಕಡೆ ಬೆರಳಿಡಿ. ಸಂಘದ ಹಣ, ಆಸ್ತಿ ಸದಸ್ಯರಿಗೆ ಹಂಚಿಕೆಯಾಗಬಾರದು ಎಂಬ ಕಲಂ ಇರಬೇಕು. ಸಂಘ ಮುಚ್ಚಿದಾಗ ಉಳಿದದ್ದು ಇಂಥದ್ದೇ ಉದ್ದೇಶದ ಇನ್ನೊಂದು ಚಾರಿಟಿಗೆ ಹೋಗಬೇಕು ಎಂಬುದೂ ಇರಬೇಕು. ಹಳೆಯ ಬೈಲಾಗಳಲ್ಲಿ ಎರಡನೆಯದು ಇರುವುದಿಲ್ಲ, ಇದ್ದರೂ ‘ಸದಸ್ಯರು ತೀರ್ಮಾನಿಸಿದಂತೆ’ ಎಂದಿರುತ್ತದೆ. ತಿದ್ದಲು ವಿಕ್ಟೋರಿಯಾದಲ್ಲೂ ನ್ಯೂ ಸೌತ್ ವೇಲ್ಸ್‌ನಲ್ಲೂ 21 ದಿನದ ನೋಟಿಸ್ ಕೊಟ್ಟು, ಮತ ಹಾಕಿದವರ ಮುಕ್ಕಾಲು ಪಾಲು ಒಪ್ಪಿ ವಿಶೇಷ ನಿರ್ಣಯ ಮಾಡಬೇಕು. ಮೊದಲು ರಾಜ್ಯದ ಕಚೇರಿಯಲ್ಲಿ ತಿದ್ದುಪಡಿ ದಾಖಲಾಗಲಿ, ಆಮೇಲೆ ಎಸಿಎನ್‌ಸಿ. ಎಬಿಎನ್‌ನಲ್ಲಿ ಸಂಘವನ್ನು ‘ಅನ್‌ಇನ್‌ಕಾರ್ಪೊರೇಟೆಡ್’ ಎಂದು ತೋರಿಸಿದ್ದರೆ ಅದನ್ನೂ ಮುಂಚೆಯೇ ಸರಿಪಡಿಸಿಕೊಳ್ಳಿ. ಹೆಸರು ಮೂರು ಕಡೆ ಮೂರು ರೀತಿ ಇದ್ದರೆ ಪತ್ರದ ಮೇಲೆ ಪತ್ರ ಬರುತ್ತದೆ. ಎಲ್ಲ ಮಾಹಿತಿ ಕೈಸೇರಿದ 15 ಕೆಲಸದ ದಿನಗಳಲ್ಲಿ ತೀರ್ಮಾನಿಸುವುದು ಆಯೋಗದ ಗುರಿ. ‘ಎಲ್ಲ’ ಎಂಬುದಕ್ಕೆ ಅಲ್ಲಿ ಬಹಳ ತೂಕ.

ನೋಂದಣಿಯಾದ ಮೇಲೆ ಕಮಿಟಿಯವರ ಹೆಸರು ಎಲ್ಲರೂ ನೋಡಬಹುದಾದ ರಿಜಿಸ್ಟರಿನಲ್ಲಿ ಕಾಣುತ್ತದೆ. ಸಂಘದ ವಿಳಾಸವಾಗಿ ಕಾರ್ಯದರ್ಶಿಯ ಮನೆ ವಿಳಾಸ ಕೊಡುವ ಬದಲು ಅಂಚೆ ಪೆಟ್ಟಿಗೆ ಮಾಡಿಸಿ.

ದೇಗುಲ, ಮಠ, ಭಜನಾ ಮಂಡಳಿಯವರು ‘ಬೇಸಿಕ್ ರಿಲಿಜಿಯಸ್ ಚಾರಿಟಿ’ ಎಂಬ ಸಡಿಲ ವರ್ಗದ ಬಗ್ಗೆ ಕೇಳಿರುತ್ತಾರೆ. ಅದಕ್ಕೆ ಹಣಕಾಸಿನ ಪ್ರಶ್ನೆಗಳಿಂದ ಬಿಡುಗಡೆ ಉಂಟು, ನಿಜ. ಆದರೆ ಇನ್‌ಕಾರ್ಪೊರೇಟೆಡ್ ಅಸೋಸಿಯೇಷನ್ ಆದವರಿಗೆ ಆ ವರ್ಗ ಸಿಗದು.

ವರ್ಷದ ಕೆಲಸ

ವಾರ್ಷಿಕ ಆದಾಯ 5 ಲಕ್ಷ ಡಾಲರ್‌ಗಿಂತ ಕಡಿಮೆ ಇದ್ದರೆ ಸಣ್ಣ ಚಾರಿಟಿ, 30 ಲಕ್ಷದೊಳಗೆ ಮಧ್ಯಮ, ಅದರಾಚೆ ದೊಡ್ಡದು. ಸಾಧಾರಣ ಕನ್ನಡ ಸಂಘವೆಲ್ಲ ಸಣ್ಣದೇ. ಸಣ್ಣ ಚಾರಿಟಿ ಆನ್‌ಲೈನ್ ವಿವರಪತ್ರವೊಂದನ್ನು ತುಂಬಿದರೆ ಸಾಕು. ಎಸಿಎನ್‌ಸಿಗೆ ಆಡಿಟ್ ಬೇಡ, ಹಣಕಾಸು ವರದಿಯನ್ನು ಕೊಡಲೇಬೇಕೆಂದೂ ಇಲ್ಲ. ಆದರೂ ಎಷ್ಟೋ ಸಂಘಗಳು ಆಡಿಟರ್‌ಗೆ ದುಡ್ಡು ಸುರಿಯುತ್ತಲೇ ಇರುತ್ತವೆ. ಕಾರಣ ಸರ್ಕಾರವಲ್ಲ, ಅವರದೇ ಬೈಲಾ: ‘ಪ್ರತಿ ವರ್ಷ ಲೆಕ್ಕ ಪರಿಶೋಧನೆ ಮಾಡಿಸತಕ್ಕದ್ದು’ ಎಂದು ಅದರಲ್ಲೇ ಇರುತ್ತದೆ. ಗ್ರಾಂಟ್ ಕೊಟ್ಟವರ ಕರಾರಿನಲ್ಲಿ ಆಡಿಟ್ ಕೇಳಿಲ್ಲವೆಂದು ನೋಡಿಕೊಂಡು, ಬೈಲಾ ತಿದ್ದುವಾಗ ಇದನ್ನೂ ಸೇರಿಸಿ ಎತ್ತಿಬಿಡಬಹುದು. ಸದಸ್ಯರಿಗೆ ನಂಬಿಕೆ ಬರಲಿ ಎಂದು ಆಡಿಟ್ ಉಳಿಸಿಕೊಳ್ಳುವುದಾದರೆ ಅದು ಬೇರೆ ಮಾತು.

ಜುಲೈಯಿಂದ ಜೂನ್‌ವರೆಗೆ ಲೆಕ್ಕ ಇಡುವವರಿಗೆ ವಿವರಪತ್ರದ ಕಡೆಯ ದಿನ ಮುಂದಿನ ಜನವರಿ 31. ಜನವರಿಯಿಂದ ಡಿಸೆಂಬರ್‌ ಲೆಕ್ಕ ಇಡುವವರು, ಅಥವಾ ಯುಗಾದಿಯಿಂದ ಯುಗಾದಿಗೆ ಲೆಕ್ಕ ಮುಗಿಸುವವರು, ಬೇರೆ ಲೆಕ್ಕದ ವರ್ಷಕ್ಕೆ ಆಯೋಗದ ಅನುಮತಿ ಪಡೆಯಬೇಕು. ಇಲ್ಲದಿದ್ದರೆ ಜೂನ್ 30ಕ್ಕೇ ಲೆಕ್ಕ ಕಟ್ಟಿ ಕೊಡಬೇಕಾಗುತ್ತದೆ. ಫಾರಂನಲ್ಲಿ ಆಗಾಗ ತಪ್ಪುವುದು ಎರಡು ಸಾಲು. ರಾಜ್ಯೋತ್ಸವದ ಟಿಕೆಟ್ ಮಾರಿ ಬಂದದ್ದನ್ನು ದೇಣಿಗೆಯ ಕೆಳಗೆ ಬರೆಯುತ್ತಾರೆ. ಅದು ಸೇವೆ-ಸರಕಿನ ಆದಾಯ. ಇನ್ನೊಂದು, ಸಂಬಂಧಿತರ ಜೊತೆಗಿನ ವ್ಯವಹಾರ. ರಾಜ್ಯೋತ್ಸವದ ಊಟದ ಗುತ್ತಿಗೆ ಖಜಾಂಚಿಯ ಹೆಂಡತಿಯ ಕೇಟರಿಂಗ್‌ಗೆ ಹೋಗಿದ್ದರೆ ‘ಇಲ್ಲ’ ಎಂದು ಟಿಕ್ ಮಾಡಬಾರದು. ಗುತ್ತಿಗೆ ಕೊಡುವುದು ತಪ್ಪಲ್ಲ. ಕಮಿಟಿ ಸಭೆಯಲ್ಲಿ ಖಜಾಂಚಿ ಅದನ್ನು ಹೇಳಿ, ಆ ತೀರ್ಮಾನದಿಂದ ಹೊರಗುಳಿದು, ನಡಾವಳಿಯಲ್ಲಿ ದಾಖಲಾಗಿರಬೇಕು.

ತಡವಾದರೆ ಸಣ್ಣ ಚಾರಿಟಿಗೆ ಪ್ರತಿ 28 ದಿನಕ್ಕೆ ಒಂದರಂತೆ ಐದು ದಂಡ ಘಟಕಗಳವರೆಗೆ ಹಾಕಬಹುದು; 2024ರ ನವೆಂಬರ್‌ನಿಂದ ಒಂದು ಘಟಕಕ್ಕೆ 330 ಡಾಲರ್. ಎರಡು ವರ್ಷದ ವಿವರಪತ್ರ ಬಾಕಿ ಉಳಿದರೆ ನೋಂದಣಿಗೇ ಕುತ್ತು. ನೋಂದಣಿ ಹೋದರೆ ತೆರಿಗೆ ವಿನಾಯಿತಿಯೂ ಹೋಗಿ, ರಾಜ್ಯದ ಲೆಕ್ಕವೂ ಮರಳಿ ಮೈಮೇಲೆ ಬರುತ್ತದೆ. ಸಂಘಗಳು ಇಲ್ಲಿ ಎಡವುವುದು ಸೋಮಾರಿತನಕ್ಕಲ್ಲ: ನೆನಪಿನ ಮೇಲ್‌ಗಳೆಲ್ಲ ಹಿಂದಿನ ಕಾರ್ಯದರ್ಶಿಯ ಜಿಮೇಲ್‌ಗೆ ಹೋಗುತ್ತಿರುತ್ತವೆ. ಕಾರ್ಯದರ್ಶಿಯ ಹುದ್ದೆಗೇ ಒಂದು ಮೇಲ್ ವಿಳಾಸ ಮಾಡಿ ಕೈಯಿಂದ ಕೈಗೆ ದಾಟಿಸಿ. ಕಮಿಟಿ ಬದಲಾದದ್ದನ್ನು ಸಣ್ಣ ಚಾರಿಟಿ 60 ದಿನದೊಳಗೆ ಎಸಿಎನ್‌ಸಿಗೆ ತಿಳಿಸಬೇಕು. ವಿಕ್ಟೋರಿಯಾದಲ್ಲಿ ಕಾರ್ಯದರ್ಶಿ ಬದಲಾದರೆ 14 ದಿನದೊಳಗೆ ರಾಜ್ಯದ ಕಚೇರಿಗೂ ತಿಳಿಸಬೇಕು; ಚಾರಿಟಿಯಾದರೂ ಈ ಕೆಲಸದಿಂದ ಬಿಡುಗಡೆ ಇಲ್ಲ.

ಹೀಗೆ ಬಿಡುಗಡೆ ಇಲ್ಲದ ಕೆಲಸಗಳು ಇನ್ನೂ ಕೆಲವು ಇವೆ. ಸರ್ವಸದಸ್ಯರ ಸಭೆ ನಡೆಸಿ ಲೆಕ್ಕ ಮಂಡಿಸಲೇಬೇಕು (ಲೆಕ್ಕದ ವರ್ಷ ಮುಗಿದು ವಿಕ್ಟೋರಿಯಾದಲ್ಲಿ 5 ತಿಂಗಳು, ನ್ಯೂ ಸೌತ್ ವೇಲ್ಸ್‌ನಲ್ಲಿ 6). ರಾಫಲ್, ಹೌಸಿಗೆ ರಾಜ್ಯದ ಜೂಜು ನಿಯಮ, ಊಟದ ಸ್ಟಾಲಿಗೆ ಕೌನ್ಸಿಲ್‌ ನಿಯಮ ಅನ್ವಯ. ಕನ್ನಡ ಶಾಲೆಯ ಶಿಕ್ಷಕರಿಗೆ ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್ (ಮಕ್ಕಳ ಜೊತೆ ಕೆಲಸ ಮಾಡುವವರ ಹಿನ್ನೆಲೆ ತಪಾಸಣೆ) ಬೇಕು. ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್‌ನಲ್ಲಿ ಸ್ವಯಂಸೇವಕರಿಗೆ ಅದು ಉಚಿತ, ಆದರೆ ಸಂಬಳ ಕೊಡುತ್ತಿದ್ದರೆ ಉಚಿತ ಕಾರ್ಡು ನಡೆಯದು. ಜಿಎಸ್‌ಟಿ ನೋಂದಣಿ ಲಾಭರಹಿತ ಸಂಸ್ಥೆಗಳಿಗೆ ವಾರ್ಷಿಕ 1.5 ಲಕ್ಷ ಡಾಲರ್ ವಹಿವಾಟಿನಿಂದ.

ಚಂದಾ ಎತ್ತುವುದು, ಊರಿಗೆ ಕಳಿಸುವುದು

ಚಂದಾ ಎತ್ತುವ ಕಾನೂನು ಇನ್ನೂ ರಾಜ್ಯಕ್ಕೊಂದು. 2023ರಲ್ಲಿ 16 ಸಮಾನ ತತ್ವಗಳಿಗೆ ಕೇಂದ್ರ, ರಾಜ್ಯಗಳು ಒಪ್ಪಿವೆ. ಪರವಾನಗಿ ಪದ್ಧತಿ ಎಲ್ಲೆಡೆ ಒಂದೇ ಆಗಿಲ್ಲ. ವಿಕ್ಟೋರಿಯಾ, ದಕ್ಷಿಣ ಆಸ್ಟ್ರೇಲಿಯಾಗಳಲ್ಲಿ ನೋಂದಾಯಿತ ಚಾರಿಟಿ ತಿಳಿಸಿದರೆ ಸಾಕು. ಆನ್‌ಲೈನ್‌ನಲ್ಲಿ ದೇಶವಿಡೀ ಕೇಳುವವರು ಉಳಿದ ರಾಜ್ಯಗಳ ನಿಯಮವನ್ನೂ ನೋಡಿಕೊಳ್ಳಬೇಕು. ರಸೀದಿಯಲ್ಲಿ ‘ತೆರಿಗೆ ಕಡಿತಕ್ಕೆ ಅರ್ಹ’ ಎಂದು ಅಚ್ಚು ಹಾಕಿಸಬೇಡಿ. ಚಾರಿಟಿಯಾಗಿ ವಿನಾಯಿತಿ ಪಡೆದರೆ ಸಂಘಕ್ಕೆ ತೆರಿಗೆ ಇಲ್ಲ ಅಷ್ಟೇ. ದಾನಿಗೆ ಕಡಿತ ಸಿಗಲು ಸಂಘಕ್ಕೆ ಡಿಜಿಆರ್ ಎಂಬ ಬೇರೆಯೇ ಮಾನ್ಯತೆ ಬೇಕು, ಸಾಮಾನ್ಯ ಕನ್ನಡ ಸಂಘಕ್ಕೆ ಅದು ದಕ್ಕುವುದು ಕಷ್ಟ.

ಕರ್ನಾಟಕದಲ್ಲಿ ನೆರೆ ಬಂದಾಗ ಹಣ ಕಳಿಸುವ ಉತ್ಸಾಹ ಸಹಜ. ಹೊರದೇಶದಲ್ಲಿ ಖರ್ಚು ಮಾಡುವ ಚಾರಿಟಿಗೆ, ಎಷ್ಟೇ ಸಣ್ಣದಾದರೂ, 2019ರಿಂದ ನಾಲ್ಕು ಹೊರನಡವಳಿ ಮಾನದಂಡಗಳು (ಎಕ್ಸ್‌ಟರ್ನಲ್ ಕಂಡಕ್ಟ್ ಸ್ಟ್ಯಾಂಡರ್ಡ್ಸ್) ಅನ್ವಯಿಸುತ್ತವೆ. ಅವುಗಳಂತೆ ಯಾವ ದೇಶದಲ್ಲಿ, ಯಾರಿಗೆ, ಯಾವುದಕ್ಕೆ ಎಂಬ ದಾಖಲೆ ಇಡಬೇಕು. ಭಾರತದ ಕಡೆಯ ಬಾಗಿಲು ಇನ್ನೂ ಬಿಗಿ. ಅನಿವಾಸಿ ಭಾರತೀಯ ಪ್ರಜೆ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ಎಫ್‌ಸಿಆರ್‌ಎ (ಭಾರತದ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಪ್ರಕಾರ ವಿದೇಶಿ ದೇಣಿಗೆಯಲ್ಲ. ಆಸ್ಟ್ರೇಲಿಯಾದ ಪೌರತ್ವ ಪಡೆದವರು ಕೊಟ್ಟದ್ದು ಹೌದು, ಒಸಿಐ ಕಾರ್ಡ್ ಇದ್ದರೂ. ಸಂಘದ ಖಾತೆಯಿಂದ ಹೋದದ್ದಂತೂ ವಿದೇಶಿ ದೇಣಿಗೆಯೇ, ಸದಸ್ಯರೆಲ್ಲ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೂ ಅಷ್ಟೇ. ಆದ್ದರಿಂದ ಅಲ್ಲಿಯ ಟ್ರಸ್ಟ್‌ಗೆ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು. ಹಣ ದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಅದರ ಎಫ್‌ಸಿಆರ್‌ಎ ಖಾತೆಗೇ ಬೀಳಬೇಕು. 2020ರ ತಿದ್ದುಪಡಿಯ ನಂತರ ಆ ಟ್ರಸ್ಟ್ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚಕ್ಕೆ ಶೇ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ. ಚಂದಾ ಕೇಳುವ ಪೋಸ್ಟರ್ ಹಾಕುವ ಮುನ್ನ ಆ ಟ್ರಸ್ಟ್‌ನಿಂದ ನೋಂದಣಿ ಪ್ರಮಾಣಪತ್ರ ತರಿಸಿ, ಅದರ ಅವಧಿ ಮುಗಿದಿಲ್ಲವೇ ಎಂದು ಗೃಹ ಸಚಿವಾಲಯದ ಎಫ್‌ಸಿಆರ್‌ಎ ತಾಣದಲ್ಲಿ ತಾಳೆ ನೋಡಿ.