ಬಣ್ಣ ಹಚ್ಚದೆ ಔಷಧದ ಹಿಡಿತ ಅಳೆಯುವುದು ಹೇಗೆ?

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲೋ ಊರಿನ ಯಾವುದಾದರೂ ಫಾರ್ಮಸಿ ಕಾಲೇಜಿನಲ್ಲೋ ಪ್ರಾಜೆಕ್ಟ್ ಮಾಡುತ್ತಿದ್ದೀರಾ? ನಿಮ್ಮ ಅಣು ಪ್ರೋಟೀನಿಗೆ ಅಂಟುತ್ತದೆ ಎಂದರೆ ಸಾಲದು, ಎಷ್ಟು ಹೊತ್ತು ಅಂಟಿಕೊಂಡಿರುತ್ತದೆ ಎನ್ನುವುದನ್ನೂ ಹೇಳಬೇಕಾಗುತ್ತದೆ. ಹೊಳೆಯುವ ಬಣ್ಣವನ್ನೋ ವಿಕಿರಣಶೀಲ ಗುರುತನ್ನೋ ಸೇರಿಸಿ ಅಳೆಯಲು ಹೋದರೆ ಆ ಗುರುತೇ ಸಣ್ಣ ಅಣುವಿನ ನಡವಳಿಕೆ ಕೆಡಿಸಬಹುದು. ಗುರುತಿನ ಹಂಗಿಲ್ಲದೆ ಅಳೆಯುವ ಬಯೋಸೆನ್ಸರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸರ್ಫೇಸ್ ಪ್ಲಾಸ್ಮನ್ ರೆಸೊನೆನ್ಸ್, ಅಂದರೆ ಎಸ್‌ಪಿಆರ್.

ಗಾಜಿನ ಮೇಲೆ ಸುಮಾರು 50 ನ್ಯಾನೊಮೀಟರ್ ದಪ್ಪದ ಚಿನ್ನದ ಪದರ ಇರುತ್ತದೆ. ಗಾಜಿನ ಕಡೆಯಿಂದ ಬೆಳಕು ಬಿಟ್ಟಾಗ ಒಂದು ಕೋನದಲ್ಲಿ ಪ್ರತಿಫಲನ ಥಟ್ಟನೆ ಕುಸಿಯುತ್ತದೆ. ಚಿನ್ನದ ಇನ್ನೊಂದು ಬದಿಗೆ ಏನಾದರೂ ಅಂಟಿದರೆ ಆ ಕೋನ ಸರಿಯುತ್ತದೆ. ಯಂತ್ರ ಅದನ್ನು ಆರ್‌ಯು (ರೆಸೊನೆನ್ಸ್ ಯೂನಿಟ್) ಲೆಕ್ಕದಲ್ಲಿ ಬರೆಯುತ್ತದೆ: 1 ಆರ್‌ಯು ಎಂದರೆ ಚದರ ಮಿಲಿಮೀಟರಿಗೆ ಸುಮಾರು 1 ಪಿಕೊಗ್ರಾಂ ಪ್ರೋಟೀನ್. ಈ ತತ್ವದ ಬಯಾಕೋರ್ ಯಂತ್ರ ಮಾರುಕಟ್ಟೆಗೆ ಬಂದದ್ದು 1990ರಲ್ಲಿ.

ಕೈ ಪಳಗಿಸಲು ಒಳ್ಳೆಯ ಜೋಡಿ ಕಾರ್ಬಾನಿಕ್ ಅನ್‌ಹೈಡ್ರೇಸ್ 2 ಕಿಣ್ವ ಮತ್ತು ಗ್ಲಾಕೋಮಾಕ್ಕೆ ಕೊಡುವ ಅಸೆಟಜೋಲಮೈಡ್. ಮೊದಲು ಬಫರ್ (ಪಿಎಚ್ ಏರುಪೇರಾಗದಂತೆ ಕಾಯುವ ದ್ರಾವಣ) ಸೋಸಿ, ಅದರೊಳಗಿನ ಗಾಳಿ ತೆಗೆಯಿರಿ. ಫ್ರಿಜ್‌ನಿಂದ ತೆಗೆದ ಬಫರನ್ನು ನೇರ ಯಂತ್ರಕ್ಕೆ ಕೊಟ್ಟರೆ ಬೆಚ್ಚಗಾಗುತ್ತ ಗುಳ್ಳೆ ಬಿಡುತ್ತದೆ. ನಮ್ಮ ಏಪ್ರಿಲ್ ಮಧ್ಯಾಹ್ನ ಕರೆಂಟ್ ಹೋಗಿ ಎ.ಸಿ. ನಿಂತರಂತೂ ಬೇಸ್‌ಲೈನ್, ಅಂದರೆ ಏನೂ ಅಂಟದಿರುವಾಗಿನ ಗೆರೆ, ಓಲಾಡತೊಡಗುತ್ತದೆ. ಬೆಳಗ್ಗೆಯೇ ಶುರುಮಾಡುವುದು ಮೇಲು.

ನಂತರ ಕಿಣ್ವವನ್ನು ಚಿಪ್‌ಗೆ, ಅಂದರೆ ಆ ಚಿನ್ನದ ಪದರವಿರುವ ಗಾಜಿನ ತುಂಡಿಗೆ, ಕೂರಿಸಬೇಕು. ಚಿಪ್‌ನ ಕಾರ್ಬಾಕ್ಸಿಲ್ ಗುಂಪುಗಳನ್ನು ಇಡಿಸಿ–ಎನ್‌ಎಚ್‌ಎಸ್ ಎಂಬ ಎರಡು ರಾಸಾಯನಿಕಗಳ ಮಿಶ್ರಣದಿಂದ ಚುರುಕುಗೊಳಿಸಿ, ಪಿಎಚ್ 5ರ ಅಸಿಟೇಟ್ ಬಫರಿನಲ್ಲಿ ಕಿಣ್ವ ಹರಿಸಿ, ಉಳಿದ ಜಾಗವನ್ನು ಎಥನೋಲಮೈನ್‌ನಿಂದ ಮುಚ್ಚಿ. ಪಕ್ಕದ ಒಂದು ಚಾನೆಲ್ಲನ್ನು ಕಿಣ್ವವಿಲ್ಲದೆ ಬಿಡಿ, ಹೋಲಿಕೆಗೆ ಬೇಕು.

ಎಷ್ಟು ಕೂರಿಸಬೇಕೆಂಬುದಕ್ಕೆ ಲೆಕ್ಕವಿದೆ. ಕಿಣ್ವದ ತೂಕ ಸುಮಾರು 29,000 ಡಾಲ್ಟನ್, ಔಷಧದ್ದು 222. ಕಿಣ್ವ 3,000 ಆರ್‌ಯು ಕೂತಿದ್ದರೆ, ಎಲ್ಲ ಜಾಗ ತುಂಬಿದಾಗಲೂ ಔಷಧದಿಂದ ಬರುವುದು ಬರೀ 23 ಆರ್‌ಯು. ಹಾಗೆಂದು ಕಿಣ್ವವನ್ನು ತುರುಕಬೇಡಿ; ಆಗ ಗ್ರಾಫ್ ತೋರಿಸುವುದು ಅಂಟುವ ವೇಗವನ್ನಲ್ಲ, ಅಣು ಚಿಪ್‌ವರೆಗೆ ಬಂದು ತಲುಪುವ ವೇಗವನ್ನು.

ಹೆಚ್ಚಿನವರು ಎಡವುವುದು ಔಷಧ ಕರಗಿಸಲು ಬಳಸುವ ಡಿಎಂಎಸ್‌ಒ ದ್ರಾವಕದ ವಿಷಯದಲ್ಲಿ. ಶೇ 1ರಷ್ಟು ಡಿಎಂಎಸ್‌ಒ ಸಾವಿರಕ್ಕೂ ಹೆಚ್ಚು ಆರ್‌ಯು ಏರಿಸುತ್ತದೆ. ಅಂದರೆ ಬಫರಿಗೂ ಸ್ಯಾಂಪಲ್ಲಿಗೂ ಶೇ 0.1ರ ವ್ಯತ್ಯಾಸ ಬಂದರೂ ನೂರು ಆರ್‌ಯು ಏರುಪೇರು, ಅದರಡಿ ನಮ್ಮ 23 ಆರ್‌ಯು ಎಲ್ಲಿ ಕಾಣಬೇಕು? ಎರಡರಲ್ಲೂ ಒಂದೇ ಪ್ರಮಾಣ ಇರಲಿ, ಉಳಿದ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿಪಡಿಸುವ ಸಾಲ್ವೆಂಟ್ ಕರೆಕ್ಷನ್ ಬಿಡಬೇಡಿ.

ಈಗ ಔಷಧವನ್ನು ಸುಮಾರು 2ರಿಂದ 200 ನ್ಯಾನೊಮೋಲಾರ್‌ವರೆಗೆ ಮೂರು ಪಟ್ಟಿನ ಅಂತರದಲ್ಲಿ ಹರಿಸಿ. ನಡುನಡುವೆ ಬರೀ ಬಫರ್ ಹರಿಸಿ, ಒಂದು ಸಾಂದ್ರತೆಯನ್ನು ಎರಡು ಸಲ ಮಾಡಿ. ಪ್ರತಿಕಾಯಗಳ ಪ್ರಯೋಗದಲ್ಲಿ ಹುಳಿ ಗ್ಲೈಸಿನ್‌ನಿಂದ ಚಿಪ್ ತೊಳೆಯುತ್ತಾರೆಂದು ಇಲ್ಲೂ ಹಾಗೇ ಮಾಡಿದರೆ ಕಿಣ್ವ ಹಾಳು. ಅಸೆಟಜೋಲಮೈಡ್ ಬಫರ್ ಹರಿಯುತ್ತಿದ್ದಂತೆ ತಾನೇ ಕಳಚಿಕೊಳ್ಳುತ್ತದೆ.

ಗ್ರಾಫಿನ ಏರಿಕೆಯಲ್ಲಿ ಅಂಟುವ ವೇಗ, ಇಳಿಕೆಯಲ್ಲಿ ಬಿಡುವ ವೇಗ ಅಡಗಿವೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕೆಡಿ, ಅಂದರೆ ಅರ್ಧದಷ್ಟು ಜಾಗ ತುಂಬಲು ಬೇಕಾದ ಸಾಂದ್ರತೆ; ಅದು ಕಡಿಮೆಯಿದ್ದಷ್ಟೂ ಹಿಡಿತ ಗಟ್ಟಿ. ನನ್ನನ್ನು ಕೇಳಿದರೆ ಕೆಡಿಯೊಂದನ್ನೇ ವರದಿಯಲ್ಲಿ ಬರೆಯುವುದು ಅರ್ಧ ಕೆಲಸ. ಮೈಸೂರಿನಲ್ಲಿ ಮಂಡ್ಯದ ಬಸ್ಸಿಗೆ ಹಾರಿ ಹತ್ತಿ ಶ್ರೀರಂಗಪಟ್ಟಣಕ್ಕೇ ಇಳಿಯುವವರೂ ಇದ್ದಾರೆ, ನಿಧಾನ ಹತ್ತಿ ಮಂಡ್ಯದವರೆಗೆ ಕೂರುವವರೂ ಇದ್ದಾರೆ. ಅಣುಗಳೂ ಹಾಗೆಯೇ. ಎರಡು ಔಷಧಗಳ ಕೆಡಿಯೂ 10 ನ್ಯಾನೊಮೋಲಾರ್ ಎಂದೇ ಇಟ್ಟುಕೊಳ್ಳಿ. ಬಿಡುವ ವೇಗ ಸೆಕೆಂಡಿಗೆ 0.01 ಇದ್ದರೆ 69 ಸೆಕೆಂಡಿನಲ್ಲಿ ಅರ್ಧದಷ್ಟು ಕಳಚಿರುತ್ತದೆ, 0.0001 ಇದ್ದರೆ ಅಷ್ಟಕ್ಕೆ ಹತ್ತಿರಹತ್ತಿರ ಎರಡು ಗಂಟೆ ಬೇಕು. ಅಷ್ಟು ನಿಧಾನದ್ದನ್ನು ಐದು ನಿಮಿಷ ನೋಡಿ ಎದ್ದು ಹೋದರೆ ಇಳಿಕೆಯೇ ಕಾಣದು. ಕನಿಷ್ಠ ಶೇ 5ರಷ್ಟಾದರೂ ಇಳಿಯುವವರೆಗೆ ಕಾಯಿರಿ. ಮೇಲಿನ ಲೆಕ್ಕದಲ್ಲಿ ಅದಕ್ಕೆ ಎಂಟೂವರೆ ನಿಮಿಷ ಸಾಕು.