ಅರ್ಧ ಮಾಡಿನ ಕೆಳಗೆ ಸಂಸಾರ

ಮಳೆಗೆ ಗೋಡೆ ಕುಸಿದರೆ, ಮರ ಬಿದ್ದು ಹೆಂಚಿನ ಮಾಡು ಮುರಿದರೆ ಎಲ್ಲರೂ ಮೊದಲು ಮೇಸ್ತ್ರಿಗೆ ಫೋನ್ ಮಾಡುತ್ತಾರೆ. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಮೇಸ್ತ್ರಿ ಹೇಳಿದ ದಿನ ಬರುವುದಿಲ್ಲ, ಬಂದರೂ ಮಳೆ ಬಿಡುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಆಷಾಢಕ್ಕೆ ಬಿದ್ದ ಗೋಡೆ ಎದ್ದು ನಿಲ್ಲುವುದು ದೀಪಾವಳಿ ಕಳೆದ ಮೇಲೆಯೇ. ತೋಟ, ದನ, ಮಕ್ಕಳ ಶಾಲೆ ಎಲ್ಲಾ ಇಲ್ಲೇ ಇರುವಾಗ ಬಾಡಿಗೆ ಮನೆ ಹಿಡಿದು ಹೋಗುವುದು ಎಲ್ಲರಿಗೂ ಆಗುವ ಮಾತಲ್ಲ. ಹಾಗಾಗಿ ಅಡುಗೆ ಎಲ್ಲಿ, ಹಾಸಿಗೆ ಎಲ್ಲಿ ಎನ್ನುವುದನ್ನು ಮೊದಲ ದಿನವೇ ತೀರ್ಮಾನ ಮಾಡಿಬಿಡಿ.

ಅದಕ್ಕೂ ಮುಂಚೆ, ಆ ಮನೆಯಲ್ಲಿ ಇರಬಹುದಾ ಎಂದು ನೋಡಬೇಕು. ಮಣ್ಣಿನ ಗೋಡೆಯನ್ನು ನಂಬಬೇಡಿ. ನೆನೆದ ಗೋಡೆ ಮಳೆ ನಿಂತು ಬಿಸಿಲು ಬಂದ ಮೇಲೂ ಬೀಳುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಗೆರೆ ದಾಟಿ ಬಿರುಕು ಮುಂದೆ ಹೋಯಿತೋ, ಗೋಡೆಯ ಬುಡ ಉಬ್ಬಿತೋ, ನಿನ್ನೆವರೆಗೆ ಸಲೀಸಾಗಿ ಹಾಕುತ್ತಿದ್ದ ಬಾಗಿಲು ಹಿಡಿಯತೊಡಗಿತೋ, ಆ ರಾತ್ರಿ ಅಲ್ಲಿ ಮಲಗಬೇಡಿ. ನೆಂಟರ ಮನೆಗೆ ಹೋಗಲು ನಾಚಿಕೆ ಏನು? ಒದ್ದೆ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಮೇನ್ ಆಫ್ ಮಾಡಿ, ವೈರಿಂಗ್‌ನವರು ನೋಡಿ ಹೇಳುವವರೆಗೆ ಮುಟ್ಟಬೇಡಿ.

ಇನ್ನೊಂದು ಮಾತು. ಬಿದ್ದ ಮಣ್ಣು ಎತ್ತುವ ಅವಸರ ಬೇಡ. ಒಳಗಿಂದ, ಹೊರಗಿಂದ, ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಗ್ರಾಮ ಆಡಳಿತಾಧಿಕಾರಿಗೆ (ಮೊದಲು ಗ್ರಾಮ ಲೆಕ್ಕಿಗರು ಎನ್ನುತ್ತಿದ್ದರು) ತಿಳಿಸಿ, ಅವರು ಬಂದು ನೋಡಿ ಮಹಜರು ಬರೆದ ಮೇಲೆಯೇ ಗುದ್ದಲಿ ಹಾಕಿ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಕೊಡುತ್ತೇನೆ ಎಂದಿತ್ತು. ಸ್ವಲ್ಪ ಹಾನಿಯಾದ ಮನೆಗೆ ಸಿಗುವುದು ತೀರಾ ಕಡಿಮೆ. ಎಷ್ಟು ಹಾಳಾಗಿದೆ ಎಂದು ನೋಡಲು ಬರುವವರಿಗೆ ಚೊಕ್ಕಟವಾಗಿ ಗುಡಿಸಿದ ಅಂಗಳ ತೋರಿಸಿದರೆ ಅವರಾದರೂ ಏನು ಬರೆದುಕೊಳ್ಳಬೇಕು? ಆಧಾರ್, ರೇಷನ್ ಕಾರ್ಡು, ಪಹಣಿ, ಮಕ್ಕಳ ಅಂಕಪಟ್ಟಿ ಎಲ್ಲಾ ಪ್ಲಾಸ್ಟಿಕ್ ಕವರಿಗೆ ಹಾಕಿ ಕಬ್ಬಿಣದ ಟ್ರಂಕಿನಲ್ಲಿಡಿ. ಟ್ರಂಕು ನೆಲದ ಮೇಲಲ್ಲ, ಬೆಂಚಿನ ಮೇಲೆ.

ಕೆಲಸ ಶುರುವಾದ ಮೇಲೆ ಮನೆಯ ಎಲ್ಲಾ ಮೂಲೆಗೂ ಒಟ್ಟಿಗೆ ಕೈ ಹಾಕಲು ಬಿಡಬೇಡಿ. 'ಹೇಗೂ ಧೂಳು ಆಗೇ ಆಗುತ್ತದೆ, ಒಂದೇ ಸಲ ಮುಗಿಸಿಬಿಡೋಣ' ಎಂದು ಕೆಲಸದವರು ಹೇಳುತ್ತಾರೆ. ಅವರು ಸಂಜೆ ಮನೆಗೆ ಹೋಗುತ್ತಾರೆ, ಅಲ್ವಾ? ಒಂದು ಕೋಣೆಯನ್ನು ಕೊನೆಯವರೆಗೂ ಮುಟ್ಟಬಾರದು ಎಂದು ಖಡಾಖಂಡಿತವಾಗಿ ಹೇಳಿ. ಹಳೇ ಸೀರೆ ನೆನೆಸಿ ಹಿಂಡಿ ಬಾಗಿಲಿಗೆ ಇಳಿಬಿಟ್ಟರೆ ಅರ್ಧ ಧೂಳು ಅಲ್ಲೇ ಹಿಡಿಯುತ್ತದೆ. ಸಂಜೆ ಜಾಲಿಸಿ ಒಣಹಾಕಿದರೆ ಮುಗಿಯಿತು. ಉಬ್ಬಸ ಇರುವವರು, ಬಾಣಂತಿ, ಪರೀಕ್ಷೆಗೆ ಓದುವ ಮಕ್ಕಳು ಇದ್ದರೆ ಆ ಕೋಣೆ ಅವರದ್ದು. ಉಳಿದವರು ಜಗಲಿಯಲ್ಲಿ ಮಲಗಿದರೆ ಏನೂ ಆಗುವುದಿಲ್ಲ, ಸೊಳ್ಳೆಪರದೆ ಒಂದಿರಲಿ.

ಅಡುಗೆಮನೆ ರಿಪೇರಿಗೆ ಬಿದ್ದರೆ ಒಲೆಯನ್ನು ಒಂದೇ ಸಲ ಎತ್ತಿ ಒಂದೇ ಕಡೆ ಇಡಿ. ದಿನಾ ಜಾಗ ಬದಲಾಯಿಸಿದರೆ ಉಪ್ಪಿನ ಡಬ್ಬಿ ಹುಡುಕುವುದರಲ್ಲೇ ಬೆಳಗಾಗುತ್ತದೆ. ಗ್ಯಾಸ್ ಸಿಲಿಂಡರನ್ನು ಮಲಗಿಸಬೇಡಿ. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಲಿ, ಗಾಳಿ ಆಡುವ ಕಡೆ ಇರಲಿ. ರುಬ್ಬುವ ಕಲ್ಲನ್ನು ಮಾತ್ರ ಸಾಮಾನಿನ ಅಡಿಗೆ ಹಾಕಬೇಡಿ. ರಿಪೇರಿ ಸಮಯದಲ್ಲಿ ಕರೆಂಟು ಯಾವಾಗ ಇರುತ್ತದೆ ಎಂದು ಹೇಳುವಂತಿಲ್ಲ, ಮಿಕ್ಸಿಯನ್ನೇ ನಂಬಿ ಕೂತರೆ ಮಧ್ಯಾಹ್ನದ ಊಟ ತಪ್ಪುತ್ತದೆ. ಅಡುಗೆಯೂ ಆ ದಿನಗಳಿಗೆ ತಕ್ಕ ಹಾಗೆ ಇರಬೇಕು. ಬೆಳಿಗ್ಗೆ ಗಂಜಿ ಅಥವಾ ಅವಲಕ್ಕಿ, ಮಧ್ಯಾಹ್ನಕ್ಕೆ ಅನ್ನ, ದೊಡ್ಡಪತ್ರೆ ತಂಬುಳಿ, ಒಂದು ಹಪ್ಪಳ. ಒಂದೆಲಗ ಸಿಕ್ಕರೆ ಅದರದ್ದೂ ತಂಬುಳಿ ಆಗುತ್ತದೆ. ಪಾತ್ರೆಯೂ ಕಡಿಮೆ ಬೀಳುತ್ತದೆ. ಉಪ್ಪಿನಕಾಯಿ ಭರಣಿಗಳ ಬಾಯಿಗೆ ಎರಡು ಸುತ್ತು ಬಟ್ಟೆ ಕಟ್ಟಿ. ಸಿಮೆಂಟು ಧೂಳು ಬಿದ್ದ ಮಿಡಿ ಯಾರಿಗೂ ಬೇಡ.

ಎಲ್ಲಾ ಕೆಲಸದಲ್ಲೂ ಮನೆಯವರು ಮೈಮರೆಯುವುದು ನೀರು ಹಾಕುವುದರಲ್ಲಿ. ಹೊಸ ಗೋಡೆ, ಗಾರೆ, ಗಿಲಾವಿಗೆ (ಪ್ಲಾಸ್ಟರಿಗೆ) ಏಳು ದಿನವಾದರೂ ನೀರು ಬೇಕು. ಈಗ ಅಂಗಡಿಯಲ್ಲಿ ಜಾಸ್ತಿ ಸಿಗುವ ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಾದರೆ ಹತ್ತು ದಿನ ಹಾಕಿ. ಅವರು ಹಾಕಿರಬಹುದು ಎಂದು ಇವರು, ಇವರು ಹಾಕಿರಬಹುದು ಎಂದು ಅವರು, ಹೀಗೇ ಗೋಡೆ ಒಣಗಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಒಬ್ಬರ ಹೆಸರಿಗೆ ಆ ಕೆಲಸ ಬರೆದುಬಿಡಿ, ಬೆಳಿಗ್ಗೆ ಸಂಜೆ ಎರಡೂ ಹೊತ್ತು. ಬಿಸಿಲು ಬೀಳುವ ಕಡೆ ಗೋಣಿಚೀಲ ನೆನೆಸಿ ಇಳಿಬಿಡಿ. ನೀರು ಉಳಿಸಲು ಬಟ್ಟೆ ಒಗೆದ ಸೋಪಿನ ನೀರು ಹಾಕುವವರಿದ್ದಾರೆ, ಅದು ಬೇಡ. ಮಕ್ಕಳನ್ನು ಹಸಿ ಸಿಮೆಂಟಿನಲ್ಲಿ ಬರಿಗಾಲಲ್ಲಿ ಆಡಲು ಬಿಡಬೇಡಿ, ಚರ್ಮ ಸುಡುತ್ತದೆ. ಮೂಟೆಗಳು ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇರಲಿ.

ಜಗಲಿಯಲ್ಲಿ ಕೂತು 'ನಮ್ಮ ಕಾಲದಲ್ಲಿ ಹೀಗಿರಲಿಲ್ಲ' ಎಂದು ಕೆಲಸದವರ ತಲೆ ತಿನ್ನುವ ಅಜ್ಜಂದಿರಿಗೆ ಒಂದು ನೋಟ್‌ಪುಸ್ತಕ ಕೊಡಿ. ಎಷ್ಟು ಮೂಟೆ ಬಂತು, ಎಷ್ಟು ಖರ್ಚಾಯಿತು, ಯಾರು ಎಷ್ಟು ದಿನ ಬಂದರು, ಎಷ್ಟು ಮುಂಗಡ ಹೋಯಿತು ಎಂದು ಅವರಷ್ಟು ಚೊಕ್ಕವಾಗಿ ಬರೆಯುವವರು ಯಾರೂ ಇಲ್ಲ. ಕೆಲಸದವರಿಗೂ ನೆಮ್ಮದಿ. ಚಹಾ ಮಾತ್ರ ಹೊತ್ತಿಗೆ ಸರಿಯಾಗಿ ಕೊಡಿ. ಆದರೆ ಮನೆಯ ಸೊಸೆಯೊಬ್ಬಳೇ ಅಡುಗೆ, ಚಹಾ, ಗುಡಿಸುವುದು ಎಲ್ಲಾ ಹೊರುವುದು ಸರಿಯಲ್ಲ. ಧೂಳು ಒರೆಸಲು ಗಂಡಸರಿಗೂ ಕೈ ಇವೆ.

ಇಳಿಸಿದ ಹೆಂಚನ್ನು ಅಡ್ಡ ಮಲಗಿಸಿ ರಾಶಿ ಹಾಕಬೇಡಿ, ಒಡೆಯುತ್ತದೆ. ಅಂಚಿನ ಮೇಲೆ ನಿಲ್ಲಿಸಿ ಸಾಲಾಗಿ ಒರಗಿಸಿ. ಹೆಂಚಿನ ಸಂದಿಗೆ, ಮಾಡಿನಿಂದ ತೆಗೆದ ಹಳೇ ಮರದ ರೀಪು ಪಕಾಸಿಯ ರಾಶಿಗೆ ಹಾವು, ಚೇಳು ಬಂದು ಸೇರುತ್ತವೆ. ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ. ಮಕ್ಕಳ ಚೆಂಡು ಅಲ್ಲಿಗೇ ಹೋಗುವುದು.

ಬಣ್ಣಕ್ಕೆ ಅವಸರ ಮಾಡಬೇಡಿ. ಗೃಹಪ್ರವೇಶವೇನೂ ಅಲ್ಲವಲ್ಲ. ಗಿಲಾವು ಆದ ಮೇಲೆ ಒಂದು ತಿಂಗಳಾದರೂ ಗೋಡೆ ಆರಲಿ, ಇಲ್ಲದಿದ್ದರೆ ಬಿಳೀ ಉಪ್ಪು ಎದ್ದು ಬಣ್ಣ ಕಿತ್ತು ಬರುತ್ತದೆ. ಹಳೇ ಗೋಡೆಯ ಬೂಷ್ಟಿಗೆ ಬ್ಲೀಚಿಂಗ್ ಪುಡಿ ನೀರು ಸಾಕು. ಅದರ ಜೊತೆ ಬಚ್ಚಲು ತೊಳೆಯುವ ಆಸಿಡ್ ಮಾತ್ರ ಸೇರಿಸಬೇಡಿ, ಎದ್ದು ಬರುವ ಗಾಳಿ ವಿಷ.

ಕೆಲಸ ಮುಗಿದ ಮೇಲೆ ಉಳಿದ ಹೆಂಚನ್ನು ಗುಜರಿಗೆ ಹಾಕುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಒಂದು ಕಾರ್ಖಾನೆಯ ಹೆಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ, ಸಂದಿಯಲ್ಲಿ ನೀರು ಇಳಿಯುತ್ತದೆ. ಮಂಗಗಳು ಮಾಡಿನ ಮೇಲೆ ಕುಣಿಯುವುದನ್ನೇನೂ ಬಿಡುವುದಿಲ್ಲ. ಅದೇ ಗುರುತಿನ ನಲವತ್ತು ಐವತ್ತು ಹೆಂಚು, ಎರಡು ಗಾಜಿನ ಹೆಂಚು ಕೊಟ್ಟಿಗೆಯ ಹಿಂದೆ ಇಟ್ಟುಕೊಳ್ಳಿ.