ಎಂಟು ಸ್ಪೀಡ್ ಹಬ್ಬಿನ ಮೇಲೆ ಹನ್ನೊಂದು ಕಾಗ್: ನನ್ನ ಅನುಭವ

ಶಿಮಾನೊ ಕ್ಲಾರಿಸ್ ಎಂಬ ಎಂಟು ಸ್ಪೀಡಿನ ಗೇರ್ ಸೆಟ್ ಇದ್ದ ನನ್ನ ಅಲ್ಯೂಮಿನಿಯಂ ರೋಡ್ ಬೈಕಿಗೆ, ಅಂದರೆ ರಸ್ತೆ ಸೈಕಲ್ಲಿಗೆ, ಅದೇ ಕಂಪನಿಯ ಹನ್ನೊಂದು ಸ್ಪೀಡಿನ 105 ಆರ್7000 ಕೂರಿಸಲು ಹೊರಟಾಗ ಬೆಂಗಳೂರಿನ ಅಂಗಡಿಗಳಲ್ಲೂ ಜೊತೆಯ ಸವಾರರಲ್ಲೂ ಸಿಕ್ಕ ಉತ್ತರ ಒಂದೇ: ಚಕ್ರ ಬದಲಾಯಿಸದೆ ಆಗುವುದಿಲ್ಲ. ಚಕ್ರಗಳನ್ನೂ ಸೇರಿಸಿ ಒಂದು ಅಂಗಡಿಯವರು ಕೊಟ್ಟ ಲೆಕ್ಕ 65,000 ರೂಪಾಯಿಯ ಆಸುಪಾಸಿನಲ್ಲಿತ್ತು. ಈಗ ಅದೇ ಹಳೆಯ ಚಕ್ರದಲ್ಲಿ ಹನ್ನೊಂದು ಗೇರುಗಳೂ ಸರಿಯಾಗಿ ಬೀಳುತ್ತಿವೆ. ನಂದಿ ಬೆಟ್ಟದ ಕಡಿದಾದ ತಿರುವುಗಳಲ್ಲಿ ಮುಂದೆ 34, ಹಿಂದೆ 34 ಹಲ್ಲಿನ ಗೇರು ಹಾಕಿ ತುಳಿದರೂ ಸದ್ದಿಲ್ಲ. ಆದ ಖರ್ಚು ಸುಮಾರು 36,000.

ಡಬ್ಬಿಯ ಮೇಲಿನ ಸ್ಪೀಡ್ ಸಂಖ್ಯೆಯನ್ನು ಬದಿಗಿಟ್ಟು ಮೊದಲು ವರ್ನಿಯರ್ ಹಿಡಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನನ್ನದು ರಿಮ್ ಬ್ರೇಕ್ ಫ್ರೇಮ್; ಹಿಂದಿನ ಚಕ್ರ ಕೂರುವ ಡ್ರಾಪ್‌ಔಟ್‌ಗಳ ನಡುವಿನ ಅಗಲ 130 ಮಿ.ಮೀ. ಡಿಸ್ಕ್ ಬೈಕಿನ 135 ಅಥವಾ 142ರ ಚಕ್ರ ಎಷ್ಟು ಅಗ್ಗಕ್ಕೆ ಸಿಕ್ಕರೂ ಇದಕ್ಕೆ ಬಾರದು. ಚಕ್ರದ ನಡುವಿನ ಹಬ್ಬಿನಲ್ಲಿ ಗೇರಿನ ಹಲ್ಲುಚಕ್ರಗಳು ಕೂರುವ ಭಾಗವಾದ ಫ್ರೀಹಬ್ಬಿನ ಉದ್ದ 35 ಮಿ.ಮೀ.ಗೆ ಕೂದಲೆಳೆಯಷ್ಟು ಕಡಿಮೆ ಬಂತು. ಹನ್ನೊಂದು ಸ್ಪೀಡಿನ ರೋಡ್ ಫ್ರೀಹಬ್ ಇದಕ್ಕಿಂತ 1.85 ಮಿ.ಮೀ. ಉದ್ದ, ಜಗಳವೆಲ್ಲ ಇಷ್ಟಕ್ಕೇ.

ಸುಲಭದ ದಾರಿಗಳು ಕೈಕೊಟ್ಟವು. 11-28ರ ಕ್ಯಾಸೆಟ್ (11ರಿಂದ 28 ಹಲ್ಲಿನವರೆಗಿನ ಕಾಗ್‌ಗಳ, ಅಂದರೆ ಹಲ್ಲುಚಕ್ರಗಳ ಗೊಂಚಲು) ಕೂರಿಸಿದಾಗ ಅದನ್ನು ಬಿಗಿದು ಹಿಡಿಯುವ ಲಾಕ್‌ರಿಂಗ್‌ಗೆ ಥ್ರೆಡ್ ಸಿಗಲಿಲ್ಲ. ಒಂದು ಕಾಗ್ ತೆಗೆದು ಹತ್ತನ್ನೇ ಉಳಿಸಿ, ಡಿರೇಲರಿನ (ಚೈನನ್ನು ಒಂದು ಕಾಗಿನಿಂದ ಇನ್ನೊಂದಕ್ಕೆ ಸರಿಸುವ ಭಾಗದ) ಓಟಕ್ಕೆ ಮಿತಿ ಹಾಕುವ ಲಿಮಿಟ್ ಸ್ಕ್ರೂ ಬಿಗಿದು ಓಡಿಸಿದೆ. ಗೇರು ಬೀಳುತ್ತಿತ್ತಾದರೂ ಹನ್ನೊಂದಕ್ಕೆ ದುಡ್ಡು ಕೊಟ್ಟು ಹತ್ತನ್ನು ತುಳಿಯುವುದು ನನಗೆ ಒಗ್ಗಲಿಲ್ಲ. ಅನಂತರ ಪೀಣ್ಯದ ಒಂದು ಲೇಥ್ ಅಂಗಡಿಯಲ್ಲಿ ದೊಡ್ಡ ಕಾಗ್‌ಗಳನ್ನು ಹಿಡಿದಿರುವ ಅಲ್ಯೂಮಿನಿಯಂ ಭಾಗದ ಹಿಂಬದಿಯನ್ನು ಒಂದೂಮುಕ್ಕಾಲು ಮಿ.ಮೀ.ಗಿಂತ ತುಸು ಹೆಚ್ಚು ಹೆರೆಸಿದೆ. ಲಾಕ್‌ರಿಂಗ್ ಕೂತಿತು, ಆದರೆ 28ರ ಕಾಗಿಗೆ ಬಂದಾಗ ಡಿರೇಲರಿನ ಕೆಳಗೆ ಚೈನ್ ಹಿಡಿದಿರುವ ಕೇಜ್ ಸ್ಪೋಕುಗಳಿಗೆ ಟಿಕ್ ಟಿಕ್ ಎಂದು ತಾಗತೊಡಗಿತು. ಕ್ಯಾಸೆಟ್ ಮತ್ತು ಲೇಥ್ ಕೂಲಿ ಸೇರಿ ಐದು ಸಾವಿರ ನೀರಿಗೆ ಹೋಯಿತು.

ಆ ಟಿಕ್ ಟಿಕ್ಕೇ ದಾರಿ ತೋರಿಸಿತು. ಸ್ಪೋಕುಗಳು ಹಬ್ಬಿನ ಅಂಚಿನಿಂದ ರಿಮ್ಮಿನ ನಡುವಿನ ಕಡೆಗೆ ಓರೆಯಾಗಿ ಸಾಗುವುದರಿಂದ ಹಬ್ಬಿನಿಂದ ದೂರ ಹೋದಷ್ಟೂ ಕಾಗಿಗೆ ಜಾಗ ಹೆಚ್ಚು. 28ರ ಕಾಗಿನ ತ್ರಿಜ್ಯ ಸುಮಾರು 57 ಮಿ.ಮೀ. ಆದರೆ 34ರದ್ದು 69ರ ಹತ್ತಿರ. ಈ ಹನ್ನೆರಡು ಮಿ.ಮೀ. ವ್ಯತ್ಯಾಸದಿಂದಾಗಿಯೇ ಶಿಮಾನೊ ಎಚ್‌ಜಿ700ರ 11-34 ಕ್ಯಾಸೆಟ್ಟಿನ ದೊಡ್ಡ ಕಾಗ್ ಫ್ರೀಹಬ್ಬಿನ ಹಿಂದಕ್ಕೆ, ಸ್ಪೋಕುಗಳ ಮೇಲೆ ಚಾಚಿಕೊಂಡು ಕೂರುವಂತಿದೆ. ಹಾಗಾಗಿ ಅದು ಹಳೆಯ ಗಿಡ್ಡ ಫ್ರೀಹಬ್ಬಿಗೆ ನೇರವಾಗಿ ಹೊಂದುತ್ತದೆ. ಉದ್ದದ ಫ್ರೀಹಬ್ಬಿಗೆ ಮಾತ್ರ 1.85ರ ಸ್ಪೇಸರ್ ಬೇಕು. ಲಾಕ್‌ರಿಂಗನ್ನು 40 ನ್ಯೂಟನ್ ಮೀಟರಿಗೆ ಬಿಗಿದು ಕಾಗ್‌ಗಳನ್ನು ಕೈಯಲ್ಲಿ ಅಲುಗಿಸಿದೆ, ಒಂದಿಷ್ಟೂ ಕದಲಲಿಲ್ಲ.

ಹಿಂದಿನ ಡಿರೇಲರ್ ಉದ್ದ ಕೇಜಿನ ಜಿಎಸ್ ಆಗಿರಲೇಬೇಕು. ಮುಂದೆ 50-34, ಹಿಂದೆ 11-34 ಎಂದರೆ ಹಲ್ಲುಗಳ ವ್ಯತ್ಯಾಸ ಮುಂದಿನ 16ಕ್ಕೆ ಹಿಂದಿನ 23 ಸೇರಿ 39. ಜಿಎಸ್‌ನ ಮಿತಿಯೂ ಸರಿಯಾಗಿ 39. ಚೈನನ್ನು ಮುಂದಿನ ದೊಡ್ಡ ರಿಂಗಿಗೂ ಹಿಂದಿನ ದೊಡ್ಡ ಕಾಗಿಗೂ ಸುತ್ತಿ, ಎರಡು ಕೊಂಡಿ ಹೆಚ್ಚಿಗೆ ಬಿಟ್ಟು ಕತ್ತರಿಸಿದೆ. ಮುಂದಿನ ಹಲ್ಲುಚಕ್ರಗಳಿರುವ ಕ್ರ್ಯಾಂಕ್ ಹಳೆಯದೇ. ಅದರ ಎರಡು ರಿಂಗ್‌ಗಳ ಸಂದಿನಲ್ಲಿ ಹನ್ನೊಂದು ಸ್ಪೀಡಿನ ಕಿರಿದಾದ ಚೈನ್ ಸಿಕ್ಕಿಕೊಳ್ಳುತ್ತದೆಂದು ಹಲವರು ಹೆದರಿಸಿದ್ದರು, ಈವರೆಗೆ ಒಮ್ಮೆಯೂ ಹಾಗಾಗಿಲ್ಲ. ಹಿಂದಿನ ಡಿರೇಲರ್ ತೂಗುವ ಹ್ಯಾಂಗರನ್ನು ಮಾತ್ರ ಗೇಜ್ ಇಟ್ಟು ನೇರ ಮಾಡದೆ ಕೇಬಲ್ ಮುಟ್ಟಬೇಡಿ: ಎಂಟು ಸ್ಪೀಡ್ ಸಹಿಸುತ್ತಿದ್ದ ಸೊಟ್ಟವನ್ನು ಹನ್ನೊಂದು ಸಹಿಸುವುದಿಲ್ಲ.

ಇದೇ ಹುರುಪಿನಲ್ಲಿ ಗೆಳೆಯರೊಬ್ಬರ ಬೈಕಿನಲ್ಲಿ ಶಿಮಾನೊದ್ದೇ ಆದ ಟಿಯಾಗ್ರಾ 4700ರ ಹತ್ತು ಸ್ಪೀಡ್ ಗೇರ್ ಲಿವರಿಗೆ ಆರ್7000 ಡಿರೇಲರ್ ಜೋಡಿಸಿ ನೋಡಿದೆ. 4700 ಹತ್ತು ಸ್ಪೀಡಿನದಾದರೂ ಅದರ ಕೇಬಲ್ ಎಳೆತ ಹನ್ನೊಂದರ ಕುಲಕ್ಕೆ ಸೇರಿದ್ದರಿಂದ ಗೇರುಗಳು ಚೊಕ್ಕವಾಗಿ ಬಿದ್ದವು. ಅದಕ್ಕೂ ಹಿಂದಿನ ತಲೆಮಾರಿನ 4600ರ ಲಿವರಿನಲ್ಲಿ ಮಾಡಿದಾಗ ನಡುವಿನ ಗೇರುಗಳು ತಪ್ಪುತ್ತಲೇ ಇದ್ದವು. ಎರಡರ ಮೇಲೂ ಇರುವುದು ಹತ್ತು ಸ್ಪೀಡ್ ಎಂದೇ.

ನೆನಪಿನಿಂದ ಹೇಳುವುದಾದರೆ ಲಿವರ್ ಜೋಡಿಗೆ 15,000, ಎರಡು ಡಿರೇಲರ್‌ಗಳಿಗೆ ಏಳೂವರೆ ಸಾವಿರ, ಕ್ಯಾಸೆಟ್ಟಿಗೆ ನಾಲ್ಕೂವರೆ, ಚೈನಿಗೆ ಎರಡು ಸಾವಿರ ಚಿಲ್ಲರೆ. ಹೊಸ ಲಿವರಿಗೂ 28 ಮಿ.ಮೀ. ಟಯರಿಗೂ ಹೊಂದಲೆಂದು ಆರ್7000 ಬ್ರೇಕುಗಳನ್ನೂ ಕೊಂಡೆ, ಅದು ಏಳು ಸಾವಿರ. ಪೀಣ್ಯದಲ್ಲಿ ಕಳೆದದ್ದು ಇದರಲ್ಲಿ ಸೇರಿಲ್ಲ.

ಆರು ತಿಂಗಳ ನಂತರ ಹಗುರವಾದ ಹೊಸ ಚಕ್ರಗಳನ್ನು ಕೊಂಡಾಗಲೂ ಹಳೆಯವನ್ನು ಮಾರಲಿಲ್ಲ. ಹೊಸ ಹಬ್ಬಿನಲ್ಲಿ 1.85ರ ಸ್ಪೇಸರಿನ ಜೊತೆಗೆ ನಾನೇ ಕತ್ತರಿಸಿಕೊಂಡ ಒಂದು ತೆಳು ಬಿಲ್ಲೆಯೂ ಇದೆ. ಅದರಿಂದಾಗಿ ಯಾವ ಚಕ್ರ ಹಾಕಿದರೂ ಗೇರ್ ಕೇಬಲ್ ಹೊಂದಿಸುವ ಬ್ಯಾರೆಲ್ ತಿರುಗಿಸುವ ಕೆಲಸವಿಲ್ಲ. ರಿಮ್ ಅಗಲ ಬೇರೆಯಾದ್ದರಿಂದ ಬ್ರೇಕ್ ಕೇಬಲನ್ನಷ್ಟೇ ಹೊಂದಿಸಿಕೊಳ್ಳುತ್ತೇನೆ. ಬಿಲ್ಲೆಯ ದಪ್ಪವನ್ನೂ ಅದನ್ನು ಕಂಡುಕೊಂಡ ಬಗೆಯನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಹಬ್ಬಿನಿಂದ ಹಬ್ಬಿಗೆ ಅದು ಬೇರೆಯಾಗುವುದರಿಂದ ನಿಮ್ಮ ಎರಡೂ ಚಕ್ರಗಳಲ್ಲಿ ಚಿಕ್ಕ ಕಾಗಿನಿಂದ ಡ್ರಾಪ್‌ಔಟಿನವರೆಗಿನ ಅಂತರವನ್ನು ಮೊದಲು ಅಳೆದುಕೊಳ್ಳಿ.